ಕಾಣುವ ಗಾಯ, ಕಾಣದ ಪೆಟ್ಟು

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆದುಬಂದಿರುವ ವಜ್ರಮುಷ್ಟಿ ಕಾಳಗವನ್ನು ಕುರಿತು ಓದುಗರು ಕೇಳಿಯೇ ಇರುತ್ತಾರೆ. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಒಸರಿದೊಡನೆ ಕಾಳಗ ಮುಗಿಯಿತು. ಬಹುಮಟ್ಟಿಗೆ ಒಂದೆರಡು ನಿಮಿಷವೂ ಹಿಡಿಯದು. ಇತ್ತ ಬಾಕ್ಸಿಂಗ್ ಎಂಬ ಮುಷ್ಟಿಯುದ್ಧವನ್ನು ನೋಡಿರಿ. ಮೆತ್ತೆ ತುಂಬಿದ ಕೈಗವಸು, ನಡುವೆ ತೀರ್ಪುಗಾರ, ಬದಿಯಲ್ಲಿ ವೈದ್ಯ. ಇವೆರಡರಲ್ಲಿ ಹೆಚ್ಚು ಅಪಾಯಕರವಾದುದು ಯಾವುದೆಂದು ಕೇಳಿದರೆ ಹೆಚ್ಚಿನವರು ಮೊದಲನೆಯದನ್ನೇ ತೋರಿಸುವರು. ಆ ಉತ್ತರವನ್ನು ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು.

ಭಯವು ಸ್ವತಃ ದುಃಖಕರವಾದುದು; ಅದು ಆಸ್ವಾದ್ಯವಾಗುವುದು ಹೇಗೆಂಬುದನ್ನು ನಮ್ಮ ಆಲಂಕಾರಿಕರು ಶತಮಾನಗಳ ಕಾಲ ಚರ್ಚಿಸಿದರು. ಭರತಮುನಿಯು ಭಯಾನಕವನ್ನು ರಸಗಳಲ್ಲಿ ಎಣಿಸಿದನಾದರೂ ಯುದ್ಧವನ್ನೂ ಮರಣವನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದು ವಿಧಿಸಿದನು. ಕಾಳಗದ ಕಣದಲ್ಲಿ ಆ ಮರೆ ಇಲ್ಲ. ಏನೋ ಆಗಿಬಿಡಬಹುದೆಂಬ ಶಂಕೆ, ಕೊನೆಗೆ ಅದು ಆಗಲಾರದೆಂಬ ಭರವಸೆ, ಇವೆರಡೂ ಪ್ರೇಕ್ಷಕನಿಗೆ ಒಟ್ಟಿಗೇ ಬೇಕು. ಶಂಕೆ ಹೋದರೆ ಅವನು ಆಕಳಿಸುತ್ತಾನೆ. ಭರವಸೆ ಹೋದರೆ ಮುಖ ತಿರುಗಿಸುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಂಕವಿನೋದ, ಮಲ್ಲವಿನೋದಗಳೆಂಬ ಪ್ರಕರಣಗಳಿವೆ. ವಿನೋದವೆಂದು ಕರೆಯಲು ಅವನಿಗೆ ಸಂಕೋಚವಿರಲಿಲ್ಲ.

ಅಮೆರಿಕದವರು ಇದನ್ನು ವ್ಯಾಪಾರವನ್ನಾಗಿಯೇ ಮಾಡಿದರು. 1993ರ ನವೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಯು.ಎಫ್.ಸಿ. ಎಂಬ ಮಿಶ್ರಕಾಳಗದ ಪಂದ್ಯಾವಳಿ ಆರಂಭವಾದಾಗ ನಿಯಮಗಳೇ ಇಲ್ಲವೆಂಬುದು ಅದರ ಪ್ರಚಾರದ ತಿರುಳಾಗಿತ್ತು. ಕಚ್ಚುವುದು, ಕಣ್ಣಿಗೆ ಬೆರಳಿಡುವುದು ಆಗಲೂ ನಿಷಿದ್ಧವೇ ಇತ್ತೆನ್ನಿ! ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕವೆಂದು ಜರೆದರು. ಹಲವು ರಾಜ್ಯಗಳು ನಿಷೇಧಿಸಿದವು. ತರುವಾಯ ತೂಕದ ವರ್ಗಗಳು, ಸುತ್ತುಗಳು, ಕೈಗವಸುಗಳು ಬಂದ ಮೇಲೆಯೇ ಆ ಉದ್ಯಮ ಬೆಳೆದು ಹಬ್ಬಿತು. ಅಪಾಯವನ್ನು ತೋರಿಸಿ ಜನರನ್ನು ಕರೆದರು, ನಿಯಮವನ್ನು ತೋರಿಸಿ ಉಳಿಸಿಕೊಂಡರು.

ಇಲ್ಲಿ ಕೈಗವಸಿನ ಕಥೆಯನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಇಂಗ್ಲೆಂಡಿನಲ್ಲಿ ಹಿಂದೆ ಬರಿಗೈಯಿಂದಲೇ ಗುದ್ದಾಡುತ್ತಿದ್ದರು. ತಲೆಬುರುಡೆಗೆ ಬರಿಮುಷ್ಟಿಯಿಂದ ಬಲವಾಗಿ ಗುದ್ದಿದರೆ ಗುದ್ದಿದವನ ಕೈಯ ಸಣ್ಣ ಎಲುಬುಗಳೇ ಮುರಿಯುವ ಭಯವಿತ್ತು. ಆದ್ದರಿಂದ ತಲೆಗೆ ಹೊಡೆಯುವವನು ಯೋಚಿಸಿ ಹೊಡೆಯುತ್ತಿದ್ದನು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನೂ ಮೂರು ನಿಮಿಷದ ಸುತ್ತನ್ನೂ ವಿಧಿಸಿದವು. ಮುಖದ ಗಾಯ ಕಡಿಮೆಯಾಯಿತು, ಸಭ್ಯರು ಬಂದು ಕುಳಿತರು. ಆದರೆ ಗವಸು ಕಾಪಾಡಿದ್ದು ಮುಖ್ಯವಾಗಿ ಹೊಡೆಯುವವನ ಕೈಯನ್ನು. ಇನ್ನು ತಲೆಗೆ ಬೇಕಾದಷ್ಟು ಸಲ ಹೊಡೆಯಬಹುದಾಯಿತು. ಪೆಟ್ಟಿನ ರಭಸಕ್ಕೆ ತಲೆ ಗಿರ್ರನೆ ತಿರುಗಿದಾಗ ಒಳಗಿರುವ ಮಿದುಳಿನ ಸೂಕ್ಷ್ಮ ತಂತುಗಳು ಜಗ್ಗಿ ಹಾನಿಗೊಳ್ಳುತ್ತವೆ. ಅದಕ್ಕೆ ರಕ್ತದ ಕಲೆಯಿಲ್ಲ, ಅಂದು ನೋವೂ ಇರಲಿಕ್ಕಿಲ್ಲ. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು, ಕುಡಿದವರಂತೆ ತೂರಾಡುವ, ಮಾತು ತೊದಲುವ, ಬುದ್ಧಿ ಮಂದವಾಗುವ ಮುಷ್ಟಿಮಲ್ಲರ ಸ್ಥಿತಿಯನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದರು. 1982ರಲ್ಲಿ ಕೊರಿಯದ ಡುಕ್ ಕೂ ಕಿಮ್ ಲಾಸ್ ವೆಗಾಸಿನ ಪಂದ್ಯದ 14ನೆಯ ಸುತ್ತಿನಲ್ಲಿ ಕುಸಿದು ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಜಗತ್ತು ಬೆಚ್ಚಿತು. ಬಳಿಕ ವಿಶ್ವಪ್ರಶಸ್ತಿಯ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಇಳಿಸಲಾಯಿತು. ತಲೆಗವಚದ ಮಾತೂ ಹೀಗೆಯೇ. ಅದು ಚರ್ಮ ಸೀಳುವುದನ್ನು ತಡೆಯುತ್ತದೆ. ಮಿದುಳಿನ ಕುಲುಕಾಟವನ್ನು ಅಷ್ಟಾಗಿ ತಡೆಯದು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಪುರುಷರು ಅದಿಲ್ಲದೆಯೇ ಸೆಣಸಿದರು.

ನೋಡುಗನ ಕಣ್ಣಿಗೆ ಹೆದರಿ ರೂಪುಗೊಂಡ ನಿಯಮಗಳು ಕಾಣುವ ಗಾಯವನ್ನೇ ಮೊದಲು ತಡೆಯುತ್ತವೆ. ಚಪ್ಪಾಳೆಯಾಗಲಿ ಅಯ್ಯೋ ಎಂಬ ಉದ್ಗಾರವಾಗಲಿ ರಕ್ತಕ್ಕೇ ಸಲ್ಲುತ್ತದೆ. ನಿಜವಾದ ಕೇಡಿಗೆ ಪ್ರೇಕ್ಷಕರೇ ಇಲ್ಲ. ಅದು ಹತ್ತಿಪ್ಪತ್ತು ವರ್ಷಗಳ ಬಳಿಕ ಮನೆಯೊಳಗೆ, ಹೆಂಡತಿ ಮಕ್ಕಳೆದುರು ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಅಪಾಯದ ತೋರಿಕೆಯಿಲ್ಲದೆ ಕಾಳಗ ರಂಜಿಸಲಾರದೇ? ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳ ಕುಸ್ತಿ ಕಣವನ್ನು ನೋಡಿದವರು ಹಾಗೆನ್ನಲಾರರು. ಅಲ್ಲಿ ಗುದ್ದುವಂತಿಲ್ಲ, ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಮೊಣಕಾಲು, ಕುತ್ತಿಗೆ ಉಳುಕುವುದುಂಟು, ಅದನ್ನು ಅಲ್ಲಗಳೆಯಲಾರೆವು. ಆದರೂ ಜನ ಕಾದು ಕುಳಿತಿರುವುದು ಪಟ್ಟು ಬಿಡಿಸಿಕೊಳ್ಳುವ ಒಂದು ಕ್ಷಣಕ್ಕಾಗಿ. ಹೊಲದಿಂದ ನೇರವಾಗಿ ಬಂದ ರೈತನೂ ಪೈಲವಾನನ ಕಾಲು ಎಲ್ಲಿ ಸಡಿಲಿತೆಂಬುದನ್ನು ಹೇಳಬಲ್ಲನು. ಪಟ್ಟು ತಿಳಿದವನಿಗೆ ರಕ್ತ ಬೇಕಾಗುವುದಿಲ್ಲ. ತಿಳಿಯದವನಿಗೆ ಅದೊಂದೇ ಅರ್ಥವಾಗುವ ಭಾಷೆ.

2012ರಲ್ಲಿ ಮೇರಿ ಕೋಮ್ ಅವರೂ 2021ರಲ್ಲಿ ಲವ್ಲಿನಾ ಬೊರ್ಗೊಹೈನ್ ಅವರೂ ಒಲಿಂಪಿಕ್ ಕಂಚು ತಂದ ಮೇಲೆ ನಮ್ಮ ಮನೆಗಳ ಹುಡುಗ ಹುಡುಗಿಯರಲ್ಲಿಯೂ ಈ ಕ್ರೀಡೆಯ ಆಸೆ ಹುಟ್ಟಿರುವುದು ಸಹಜ. ಬೇಡವೆಂದು ನಾವು ಹೇಳುವುದಿಲ್ಲ. ತಂದೆತಾಯಿಗಳು ಸೇರಿಸುವ ಮುನ್ನ ಕೈಗವಸಿನ ಬೆಲೆಯನ್ನು ಕೇಳುತ್ತಾರೆ, ಮೂಗು ಮುರಿದೀತೇ ಎಂದು ಕೇಳುತ್ತಾರೆ. ಮುರಿದ ಮೂಗು ಕೂಡಿಕೊಳ್ಳುತ್ತದೆ. ಪೆಟ್ಟುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ಯಾರೂ ನೋಡದ ದಿನನಿತ್ಯದ ಅಭ್ಯಾಸದಲ್ಲಿ. ವಾರಕ್ಕೆ ಎಷ್ಟು ದಿನ ತಲೆಗೆ ಹೊಡೆಯುವ ಸೆಣಸಾಟ ನಡೆಸುತ್ತೀರಿ, ತಲೆ ಸುತ್ತಿದ ಮಗುವನ್ನು ಮತ್ತೆ ಎಷ್ಟು ದಿನಗಳ ಮೇಲೆ, ಯಾವ ವೈದ್ಯರನ್ನು ಕೇಳಿ ಕಣಕ್ಕಿಳಿಸುತ್ತೀರಿ ಎಂದು ತರಬೇತುದಾರರನ್ನು ಮೊದಲು ಕೇಳಿರಿ.