ಸಣ್ಣ ಉದ್ಯಮಿಗಳು ಮತ್ತು ನೋಂದಾಯಿತ ಟ್ರೇಡ್ ಮಾರ್ಕ್ ಏಜೆಂಟರು

ಮುಂಬಯಿಯ ಉಪಾಹಾರ ಗೃಹವಾಗಲಿ, ಪುಣೆಯ ಮಸಾಲೆ ಪುಡಿಯ ಘಟಕವಾಗಲಿ, ಚೆನ್ನೈನ ಕಾಫಿಪುಡಿಯ ಅಂಗಡಿಯಾಗಲಿ, ಹಲವು ವರ್ಷಗಳ ದುಡಿಮೆಯಿಂದ ಗಳಿಸಿದ ಹೆಸರೇ ಸಣ್ಣ ಉದ್ಯಮದ ದೊಡ್ಡ ಬಂಡವಾಳ. ಆ ಹೆಸರಿಗೆ ಅಥವಾ ಚಿಹ್ನೆಗೆ ನೋಂದಣಿಯ ಮೂಲಕ ರಕ್ಷಣೆ ದೊರಕಿಸಿಕೊಡುವುದು 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮ. ಇದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಭಾರತದಲ್ಲಿ ವ್ಯಾಪಾರ ನಡೆಸುವ ಉದ್ಯಮಿಯು ತಾನೇ ಅರ್ಜಿ ಸಲ್ಲಿಸಬಹುದು. ಏಜೆಂಟರನ್ನು ನೇಮಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಅನೇಕ ಸಣ್ಣ ಉದ್ಯಮಿಗಳು ನೋಂದಾಯಿತ ಏಜೆಂಟರ ನೆರವು ಪಡೆಯುತ್ತಾರೆ. ಇದಕ್ಕೆ ಸಕಾರಣಗಳಿವೆ.

ಏಜೆಂಟರು ಯಾರು?

ಅಧಿನಿಯಮದ 145ನೆಯ ಪ್ರಕರಣದಂತೆ ಅರ್ಜಿದಾರನ ಪರವಾಗಿ ಮೂರು ಬಗೆಯ ವ್ಯಕ್ತಿಗಳು ವ್ಯವಹರಿಸಬಹುದು: ವಕೀಲರು, ನೋಂದಾಯಿತ ಟ್ರೇಡ್ ಮಾರ್ಕ್ ಏಜೆಂಟರು, ಹಾಗೂ ಅರ್ಜಿದಾರನಲ್ಲಿ ಮಾತ್ರವೇ ಖಾಯಂ ಆಗಿ ದುಡಿಯುವ ನೌಕರರು. ಸಾಮಾನ್ಯವಾಗಿ ಪದವೀಧರರಾಗಿದ್ದು ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಏಜೆಂಟರಾಗಿ ನೋಂದಣಿ ಹೊಂದುತ್ತಾರೆ. ವೃತ್ತಿಯಲ್ಲಿ ದುರ್ನಡತೆ ತೋರಿದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲು ಅವಕಾಶವಿದೆ. ಈ ಹೊಣೆಗಾರಿಕೆಯೇ ನೋಂದಾಯಿತ ಏಜೆಂಟರಿಗೂ ದಲ್ಲಾಳಿಗಳಿಗೂ ಇರುವ ಮುಖ್ಯ ವ್ಯತ್ಯಾಸ.

ಪತ್ರ ತಲುಪುವ ವಿಳಾಸ

ನೋಂದಣಿಯು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಅರ್ಜಿಯನ್ನು ಪರಿಶೀಲಿಸಿದ ಬಳಿಕ ಆಕ್ಷೇಪಗಳಿದ್ದರೆ ಕಚೇರಿಯು ವರದಿ ಕಳುಹಿಸುತ್ತದೆ. ಅದು ಕೈಸೇರಿದ 30 ದಿನಗಳೊಳಗೆ ಉತ್ತರಿಸಬೇಕು. ಅರ್ಜಿಯು ಅಂಗೀಕೃತವಾಗಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳವರೆಗೆ ಯಾರು ಬೇಕಾದರೂ ವಿರೋಧ ಸೂಚಿಸಬಹುದು. ವಿರೋಧದ ಪ್ರತಿ ದೊರೆತ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದಲ್ಲಿ ಅರ್ಜಿಯನ್ನು ಕೈಬಿಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ.

ಆದ್ದರಿಂದ ಅರ್ಜಿಯಲ್ಲಿ ಕೊಡುವ ವಿಳಾಸಕ್ಕೆ ಬಹಳ ಮಹತ್ವವಿದೆ. 2017ರ ನಿಯಮಗಳಂತೆ ಇ-ಮೇಲ್ ಮೂಲಕ ಕಳುಹಿಸಿದ ಪತ್ರವು ಕಳುಹಿಸಿದ ಕ್ಷಣದಲ್ಲಿಯೇ ಜಾರಿಯಾದಂತೆ ಪರಿಗಣಿತವಾಗುತ್ತದೆ. ಬಾಡಿಗೆ ಮಳಿಗೆಯನ್ನು ಬದಲಾಯಿಸಿದ, ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿದ, ಅಥವಾ ಹಳೆಯ ಇ-ಮೇಲ್ ನೋಡುವುದನ್ನೇ ಬಿಟ್ಟ ವ್ಯಾಪಾರಿಗೆ ಸೂಚನೆಯ ಅರಿವಾಗುವಷ್ಟರಲ್ಲಿ ಗಡುವು ಮೀರಿರಬಹುದು. 2016ರ ಮಾರ್ಚ್‌ನಲ್ಲಿ ಉತ್ತರ ಬಂದಿಲ್ಲವೆಂಬ ಕಾರಣದಿಂದ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಕೈಬಿಟ್ಟವೆಂದು ದಾಖಲಿಸಲಾಗಿತ್ತು. ಸೂಚನೆಯೇ ತಲುಪಿಲ್ಲವೆಂಬ ದೂರು ಎದ್ದು, ಆ ಆದೇಶಗಳಿಗೆ ದೆಹಲಿ ಉಚ್ಚ ನ್ಯಾಯಾಲಯವು ತಡೆ ನೀಡಿತು. ಒಂದು ಪತ್ರದ ತಲುಪುವಿಕೆಯ ಮೇಲೆ ಎಷ್ಟು ನಿಂತಿದೆಯೆಂಬುದಕ್ಕೆ ಇದು ನಿದರ್ಶನ. ಸ್ಥಿರವಾದ ವಿಳಾಸವುಳ್ಳ, ಗಡುವುಗಳ ದಿನಚರಿಯನ್ನು ಇಟ್ಟುಕೊಂಡಿರುವ ಏಜೆಂಟರಿಂದ ದೊರೆಯುವ ಮೊದಲ ಪ್ರಯೋಜನವೇ ಇದು.

ವರ್ಗ, ಭಾಷೆ ಮತ್ತು ಕಚೇರಿ

ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಕಾಫಿ ಮತ್ತು ಮಸಾಲೆ 30ನೆಯ ವರ್ಗಕ್ಕೆ ಸೇರಿದರೆ, ಉಪಾಹಾರ ಗೃಹದ ಸೇವೆ 43ನೆಯ ವರ್ಗಕ್ಕೆ ಸೇರುತ್ತದೆ. ಪ್ರತಿಯೊಂದು ವರ್ಗಕ್ಕೂ ಪ್ರತ್ಯೇಕ ಶುಲ್ಕವಿರುವುದರಿಂದ ಸರಿಯಾದ ಆಯ್ಕೆಯು ಹಣವನ್ನೂ ಉಳಿಸುತ್ತದೆ. 2017ರ ನಿಯಮಗಳಲ್ಲಿ ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸುವ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ ನಿಗದಿಯಾಗಿದೆ. ಇತರರಿಗೆ 9,000 ರೂಪಾಯಿ.

ಅರ್ಜಿಯು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಚಿಹ್ನೆಯಲ್ಲಿ ಕನ್ನಡ ಲಿಪಿಯ ಪದಗಳಿದ್ದರೆ ಅವುಗಳ ಲಿಪ್ಯಂತರವನ್ನೂ ಅನುವಾದವನ್ನೂ ಒದಗಿಸಬೇಕು. ಮುಖ್ಯ ವ್ಯಾಪಾರ ಸ್ಥಳವು ಮುಂಬಯಿ ಅಥವಾ ಪುಣೆಯಲ್ಲಿದ್ದವರಿಗೆ ಮುಂಬಯಿ ಕಚೇರಿಯೂ, ಚೆನ್ನೈ, ಹೈದರಾಬಾದ್ ಮತ್ತು ಕರ್ನಾಟಕದವರಿಗೆ ಚೆನ್ನೈ ಕಚೇರಿಯೂ, ದೆಹಲಿಯವರಿಗೆ ಅಲ್ಲಿನ ಕಚೇರಿಯೂ ಸಂಬಂಧಪಡುತ್ತದೆ. ಇಂತಹ ವಿವರಗಳಲ್ಲಿ ಅನುಭವಿಗಳ ಸಲಹೆ ಉಪಯುಕ್ತ.

ಉದ್ಯಮಿಯ ಹೊಣೆ

ಏಜೆಂಟರನ್ನು ನೇಮಿಸಿದ ಮಾತ್ರಕ್ಕೆ ಉದ್ಯಮಿಯ ಹೊಣೆ ಮುಗಿಯುವುದಿಲ್ಲ. ಏಜೆಂಟರಿಗೆ ತಲುಪಿದ ಪತ್ರವು ಉದ್ಯಮಿಗೆ ತಲುಪಿದಂತೆಯೇ ಸರಿ. ಅವರ ನಿರ್ಲಕ್ಷ್ಯದಿಂದಾಗುವ ನಷ್ಟ ಉದ್ಯಮಿಯದೇ. ಚಿಹ್ನೆಯನ್ನು ಮೊದಲಿನಿಂದ ಬಳಸುತ್ತಿರುವ ಬಗ್ಗೆ ಸಲ್ಲಿಸಬೇಕಾದ ಅಫಿಡವಿಟ್ಟನ್ನು ಏಜೆಂಟರು ಈ ಅಧಿಕಾರದ ಬಲದಿಂದ ಮಾಡಲಾರರು. ಅದಕ್ಕೆ ಬೇಕಾದ ಹಳೆಯ ಬಿಲ್ಲುಗಳು, ಜಾಹೀರಾತುಗಳು ಮುಂತಾದ ಪುರಾವೆಗಳನ್ನು ಉದ್ಯಮಿಯೇ ಜೋಪಾನವಾಗಿ ಇಟ್ಟಿರಬೇಕು.

ಆದುದರಿಂದ ಉದ್ಯಮಿಗಳು ಈ ಅಂಶಗಳನ್ನು ಗಮನದಲ್ಲಿಡುವುದು ಒಳಿತು:

1. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಳಿ ಪರಿಶೀಲಿಸಬೇಕು.
2. ಸರ್ಕಾರಿ ಶುಲ್ಕ ಮತ್ತು ಏಜೆಂಟರ ಸಂಭಾವನೆಗೆ ಪ್ರತ್ಯೇಕ ರಸೀದಿ ಪಡೆಯಬೇಕು.
3. ಚಿಹ್ನೆಯ ಅರ್ಜಿಯು ಉದ್ಯಮಿಯ ಹೆಸರಿನಲ್ಲಿಯೇ ಇರಬೇಕು. ಅದರ ಸಂಖ್ಯೆಯನ್ನು ತಮ್ಮಲ್ಲಿ ಬರೆದಿಟ್ಟುಕೊಂಡು, ಆಗಾಗ್ಗೆ ಅಂತರ್ಜಾಲದಲ್ಲಿ ಅದರ ಸ್ಥಿತಿಯನ್ನು ನೋಡಬೇಕು.
4. ವಿಳಾಸ ಅಥವಾ ಏಜೆಂಟರು ಬದಲಾದಲ್ಲಿ ಕೂಡಲೇ ಕಚೇರಿಗೆ ವಿಧಿವತ್ತಾಗಿ ತಿಳಿಸಬೇಕು.

ನೋಂದಣಿಯು 10 ವರ್ಷಗಳವರೆಗೆ ಊರ್ಜಿತವಾಗಿದ್ದು, ನಂತರ ನವೀಕರಿಸಬಹುದು. ಇಷ್ಟು ದೀರ್ಘಾವಧಿಯಲ್ಲಿ ಅಂಗಡಿ, ನೌಕರರು, ದೂರವಾಣಿ ಸಂಖ್ಯೆ ಎಲ್ಲವೂ ಬದಲಾಗಬಹುದು. ಹೆಸರು ಮಾತ್ರ ಕೈತಪ್ಪದಂತೆ ನೋಡಿಕೊಳ್ಳಲು ಅರ್ಹ ಏಜೆಂಟರ ನೆರವೂ ಉದ್ಯಮಿಯ ಎಚ್ಚರವೂ ಜೊತೆಗೂಡಿರಬೇಕು.