ಕಡಲಿಗೂ ಬೇಕು ಸುಣ್ಣ

ಹಳೇಬೀಡಿನ ಕೆರೆ ತುಂಬಿದ ವರ್ಷ ಏರಿಯ ಮೇಲೆ ನಿಂತರೆ ಊರಿನ ಹಳೆಯ ಹೆಸರು ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ: ದೋರಸಮುದ್ರ. ಬಯಲುಸೀಮೆಯ ನಮಗೆ ಸಮುದ್ರವೆಂದರೆ ಕೆರೆಯೇ. ಎಷ್ಟೋ ಊರುಗಳ ಹೆಸರಿನ ಬಾಲದಲ್ಲಿ ಅದು ಸವೆದು ‘ಸಂದ್ರ’ವಾಗಿದೆ, ಅರಸೀಕೆರೆಯಿಂದ ತುಮಕೂರಿನ ಕಡೆ ರೈಲು ಹತ್ತಿದರೆ ತಿಪಟೂರು ದಾಟಿದ ಮೇಲೆ ಅಮ್ಮಸಂದ್ರ ಬರುತ್ತದೆ. ಅರಸೀಕೆರೆಯೂ ಅರಸಿಯ ಕೆರೆಯೇ. ನೀರಿಗಾಗಿ ಮುಗಿಲು ನೋಡುವ ನೆಲದವರು ನಿಂತ ನೀರಿಗೆ ಇಷ್ಟು ದೊಡ್ಡ ಹೆಸರಿಟ್ಟರು. ನಿಜವಾದ ಕಡಲು ಘಟ್ಟದ ಆಚೆ ಉಳಿಯಿತು.

ಆದರೂ ಅದು ಇಲ್ಲಿಗೆ ಬಂದಿದೆ. ಹೊಯ್ಸಳೇಶ್ವರ ದೇವಾಲಯದ ತಳದ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಜೊತೆ ಮಕರಗಳದ್ದೂ ಒಂದು ಸಾಲಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನಂಥ ಬಾಲ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಕೈಯಲ್ಲಿ ಶಂಖವಿದೆ. ಮಕರ ಕಲ್ಪನೆಯ ಪ್ರಾಣಿ, ಶಂಖ ಹಾಗಲ್ಲ. ಮನ್ನಾರ್ ಕೊಲ್ಲಿಯಂಥ ಆಳವಿಲ್ಲದ ಬೆಚ್ಚನೆಯ ಕಡಲಿನಲ್ಲಿ ಒಂದು ಬಸವನಹುಳು ಜನ್ಮವಿಡೀ ಸುತ್ತಿ ಸುತ್ತಿ ಕಟ್ಟಿಕೊಂಡ ಮನೆ ಅದು. ಮಂಗಳಾರತಿಯ ಹೊತ್ತಿಗೆ ನಮ್ಮ ಗುಡಿಗಳಲ್ಲಿ ಊದುವುದು ಆ ಮನೆಯನ್ನೇ.

ನನ್ನ ಪಾಲಿಗೆ ಕಡಲು ಮೊದಲು ಬಂದದ್ದು ಅಜ್ಜಿಯ ಎಲೆಯಡಿಕೆ ಚೀಲದಲ್ಲಿ. ಕಲ್ಲುಸುಣ್ಣ ನಾಲಿಗೆ ಸುಡುತ್ತದೆ, ಚಿಪ್ಪಿನ ಸುಣ್ಣವೇ ಆಗಬೇಕು ಎಂಬುದು ಅವರ ಹಟ. ಹಿತ್ತಾಳೆಯ ಪುಟ್ಟ ಡಬ್ಬಿಯಿಂದ ಉಗುರಿನ ತುದಿಯಷ್ಟು ತೆಗೆದು ಎಲೆಯ ಬೆನ್ನಿಗೆ ಸವರುತ್ತಿದ್ದರು. ಘಟ್ಟದ ಕೆಳಗಿನ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದ ಸುಣ್ಣ ಅದು. ಚಿಪ್ಪು ಸುಟ್ಟಾಗ ಏನಾಗುತ್ತದೆಂದು ಬಹಳ ವರ್ಷಗಳ ನಂತರ ಲೆಕ್ಕ ಹಾಕಿ ನೋಡಿದೆ. ಬರೀ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದುಕೊಂಡರೆ, 100 ಕಿಲೊ ಚಿಪ್ಪಿನಿಂದ 56 ಕಿಲೊ ಸುಟ್ಟ ಸುಣ್ಣ ಸಿಗುತ್ತದೆ. ಉಳಿದ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕಡಲಿನ ಹುಳು ನೀರಿನಿಂದ ಹೆಕ್ಕಿ ಕಟ್ಟಿದ್ದರಲ್ಲಿ ಸುಮಾರು ಅರ್ಧ ಹೊಗೆಯಾಗುತ್ತದೆ.

ಆ ಹೊಗೆ ಮರಳಿ ಕಡಲು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿದ ಒಂದು ಪ್ರಯೋಗ ಸಾಕು. ಸುಣ್ಣದ ತಿಳಿನೀರನ್ನು ಪ್ರನಾಳದಲ್ಲಿ ತೆಗೆದುಕೊಂಡು ಕೊಳವೆಯಿಂದ ಉಸಿರು ಊದುವುದು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಎಂದು ಬರೆದುಕೊಂಡು ಬಹಳಷ್ಟು ತರಗತಿಗಳು ಅಲ್ಲಿಗೇ ಮುಗಿಯುತ್ತವೆ. ಊದುವುದನ್ನು ನಿಲ್ಲಿಸದಿದ್ದರೆ ಏನಾಗುತ್ತದೆ ಎಂಬುದೇ ಪಾಠದ ಮುಖ್ಯ ಭಾಗ ಎಂದು ನನಗೀಗ ಅನ್ನಿಸುತ್ತದೆ. ಇನ್ನೂ ಊದಿದರೆ ಆ ಬಿಳುಪು ಮೆಲ್ಲಗೆ ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಬೆಳ್ಳಗೆ ತೇಲಿದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಚಿಪ್ಪಿನದೇ ವಸ್ತು. ಹೆಚ್ಚಿನ ಉಸಿರು ಅದನ್ನು ಬೈಕಾರ್ಬೊನೇಟ್ ಮಾಡಿ ನೀರಿನಲ್ಲಿ ಅಡಗಿಸಿತು. ಕಡಲಿನಲ್ಲಿ ಈಗ ಆಗುತ್ತಿರುವುದು ಈ ಎರಡನೆಯ ಭಾಗ.

ಊದುತ್ತಿರುವವರು ನಾವು. ಕಾರ್ಖಾನೆಗಳು ಹುಟ್ಟುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗವಿತ್ತು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಹಾಗೆ ಹೀರಿಕೊಂಡದ್ದರಿಂದಲೇ ನೆಲದ ಮೇಲಿನ ಬಿಸಿ ಇಷ್ಟಕ್ಕೆ ನಿಂತಿದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತೇವಲ್ಲ, ಇಲ್ಲಿ ಕಡಲಿನ ಕಣ್ಣಿಗೆ ಸುಣ್ಣವೂ ಉಳಿಯುತ್ತಿಲ್ಲ.

ನೀರಿನೊಡನೆ ಸೇರಿದ ಇಂಗಾಲದ ಡೈಆಕ್ಸೈಡ್ ಕಾರ್ಬೊನಿಕ್ ಆಮ್ಲವಾಗುತ್ತದೆ, ಸೋಡಾ ಬಾಟಲಿಯ ಚುರುಕು ಅದೇ. ಆಮ್ಲ ಬಿಟ್ಟುಕೊಟ್ಟ ಹೈಡ್ರೋಜನ್ ಅಯಾನು ನೀರಿನಲ್ಲಿದ್ದ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಚಿಪ್ಪು ಕಟ್ಟುವ ಜೀವಿಗೆ ಬೇಕಾದದ್ದು ಆ ಕಾರ್ಬೊನೇಟೇ. ಗಾರೆ ಕಲಸುವ ಹೊತ್ತಿಗೆ ಸುಣ್ಣದ ಗುಡ್ಡೆಯಿಂದ ಯಾರೋ ಬುಟ್ಟಿ ಬುಟ್ಟಿ ಎತ್ತಿಕೊಂಡು ಹೋದಂತೆ. 2003ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದರಲ್ಲಿ ಕೆನ್ ಕಾಲ್ಡೇರಾ ಮತ್ತು ಮೈಕೆಲ್ ವಿಕೆಟ್ ಬಳಸಿದ ಮೇಲೆ ‘ಸಾಗರ ಆಮ್ಲೀಕರಣ’ ಎಂಬ ಮಾತು ಎಲ್ಲೆಡೆ ಹಬ್ಬಿತು.

ಹೆಸರು ಕೇಳಿ ಕಡಲು ಹುಳಿಯಾಗಿದೆ ಎಂದುಕೊಳ್ಳಬಾರದು. ಅದು ಈಗಲೂ ಕ್ಷಾರವೇ, ಆದರೆ ಖಾರ ಕಡಿಮೆಯಾದ ಕ್ಷಾರ. ಮೇಲ್ಪದರದ ಪಿಎಚ್ 8.2 ಇದ್ದದ್ದು 8.1ರ ಹತ್ತಿರ ಬಂದಿದೆ. ಬಿಂದುವಿನ ಆಚೆಯ ಒಂದಂಕಿ ಎಂದು ತಳ್ಳಿಹಾಕುವಂತಿಲ್ಲ. ಪಿಎಚ್ ಅಳತೆಯ ಮೆಟ್ಟಿಲುಗಳು ಹತ್ತು ಪಟ್ಟಿನವು. ಇಷ್ಟು ಇಳಿತವೆಂದರೆ ಹೈಡ್ರೋಜನ್ ಅಯಾನು ಶೇ 30ರ ಆಸುಪಾಸು ಹೆಚ್ಚಿದೆ ಎಂದರ್ಥ. ಪಿಎಚ್ ಎಂಬುದು ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ಮದುಮಕ್ಕಳು ಹೊಸಿಲು ತುಳಿಯುವ ಮುನ್ನ ಎತ್ತುವ ಆರತಿಯ ಕೆಂಪು ನೀರು ಅರಿಸಿನಕ್ಕೆ ಸುಣ್ಣ ಸೇರಿಸಿ ಆದದ್ದು. ಕ್ಷಾರ ಕಂಡರೆ ಅರಿಸಿನ ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಕೆಂಪು ಅಳಿದು ಹಳದಿ ಮರಳುತ್ತದೆ. ಪ್ರಯೋಗಾಲಯದ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ಆ ತಟ್ಟೆ ಎಂದಿನಿಂದಲೋ ಮಾಡುತ್ತಿದೆ.

ಬೇಲೂರಿನ ಕಾಫಿ ಬೆಳೆಗಾರರಿಗಂತೂ ಇದು ವರ್ಷ ವರ್ಷದ ವ್ಯವಹಾರ. ಸುರಿಯುವ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಬಿಡುತ್ತದೆ, ಸಾರಜನಕದ ಗೊಬ್ಬರ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ಮಣ್ಣು ಪರೀಕ್ಷೆಯ ಚೀಟಿ ನೋಡಿ, ಎಕರೆಗೆ ಇಷ್ಟು ಮೂಟೆ ಎಂದು ತೋಟಕ್ಕೆ ಸುಣ್ಣ ಎರಚುತ್ತಾರೆ. ಹುಳಿ ಮಣ್ಣಿನಲ್ಲಿ ಗೊಬ್ಬರ ಹಾಕಿದರೂ ಗಿಡಕ್ಕೆ ಹತ್ತದು ಎಂದು ಅವರಿಗೆ ಯಾರೂ ಹೇಳಬೇಕಿಲ್ಲ.

ಅಮೆರಿಕದ ಆರೆಗನ್ ಕರಾವಳಿಯಲ್ಲಿ ಇಂಥದೇ ಸುಣ್ಣದ ಕಥೆಯೊಂದು ನಡೆದಿದೆ. ಅಲ್ಲಿನ ನೆಟಾರ್ಟ್ಸ್ ಕೊಲ್ಲಿಯ ದಡದ ವಿಸ್ಕಿ ಕ್ರೀಕ್ ಎಂಬ ಸಿಂಪಿ ಮರಿಗಳ ಕೇಂದ್ರದಲ್ಲಿ 2007ರಿಂದ ಮರಿಗಳು ಕೋಟಿಗಟ್ಟಲೆ ಸಾಯತೊಡಗಿದವು. ರೋಗಾಣು ಇರಬಹುದೆಂದು ನೀರು ಶುದ್ಧ ಮಾಡಿದರು, ಸಾವು ನಿಲ್ಲಲಿಲ್ಲ. ಕೊನೆಗೆ ಗೊತ್ತಾದದ್ದು, ಗಾಳಿ ಬೀಸಿದಾಗ ಆಳದಿಂದ ಮೇಲೆದ್ದು ಬರುವ ತಣ್ಣನೆಯ ನೀರಿನಲ್ಲಿ ಪಿಎಚ್ ಕಡಿಮೆ ಎಂದು. ಸಿಂಪಿಯ ಮರಿ ಮೊಟ್ಟೆಯಿಂದ ಬಂದ ಎರಡು ದಿನದೊಳಗೆ ಮೊದಲ ಚಿಪ್ಪು ಕಟ್ಟಿಕೊಳ್ಳಬೇಕು, ಅದೂ ತಾಯಿ ಕಟ್ಟಿಕೊಟ್ಟ ಬುತ್ತಿಯ ಶಕ್ತಿಯಲ್ಲೇ. ಕಾರ್ಬೊನೇಟ್ ಕೊರತೆಯ ನೀರಿನಲ್ಲಿ ಚಿಪ್ಪಿಗೇ ಬುತ್ತಿ ಖರ್ಚಾಗಿ ಹೋದರೆ, ಬಾಯಿ ಬಿಟ್ಟು ಉಣ್ಣುವ ಹೊತ್ತಿಗೆ ಮರಿಯಲ್ಲಿ ತ್ರಾಣವೇ ಇರುವುದಿಲ್ಲ. ಕೇಂದ್ರದವರು ತೊಟ್ಟಿಯ ನೀರಿಗೆ ಸೋಡಾ ಬೂದಿ ಎಂಬ ಕ್ಷಾರ ಬೆರೆಸತೊಡಗಿದರು, ಮರಿಗಳು ಉಳಿದವು. ಕಾಫಿ ತೋಟಕ್ಕೆ ಸುಣ್ಣ ಎರಚಿದ ಹಾಗೆಯೇ. ತೋಟಕ್ಕೆ ಬೇಲಿಯಿದೆ, ತೊಟ್ಟಿಗೆ ಗೋಡೆಯಿದೆ. ಕಡಲಿಗೆ ಎಷ್ಟು ಮೂಟೆ?

ಆಳದ ನೀರು ಮೇಲೇಳುವುದು ನಮ್ಮ ಕರಾವಳಿಯಲ್ಲೂ ನಡೆಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ತಳದ ತಣ್ಣೀರು ದಡದ ಕಡೆ ಏರಿ ಬರುತ್ತದೆ. ಕೆಳಗಿಳಿದು ಕತ್ತಲಲ್ಲಿ ಕೊಳೆತ ಜೀವರಾಶಿಯ ಇಂಗಾಲವೆಲ್ಲ ಅದರಲ್ಲಿದೆ, ಆಮ್ಲಜನಕ ಕಡಿಮೆ, ಪಿಎಚ್ ಕಡಿಮೆ. ಜೊತೆಗೆ ಸತ್ವವೂ ಇದೆ. ಆ ಸತ್ವದಿಂದಲೇ ಮಳೆಗಾಲದ ಬೆನ್ನಿಗೆ ಬೂತಾಯಿ, ಬಂಗುಡೆ ಮಂಗಳೂರು, ಮಲ್ಪೆಗಳ ದಕ್ಕೆ ತುಂಬುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ನಮ್ಮ ಸಂತೆಗೂ ಬರುತ್ತವೆ. ಅರಬ್ಬಿ ಸಮುದ್ರಕ್ಕೆ ವರ್ಷದಲ್ಲಿ ಒಂದಷ್ಟು ಕಾಲ ಕಡಿಮೆ ಪಿಎಚ್ ಸಹಿಸಿಕೊಳ್ಳುವ ರೂಢಿಯಿದೆ ಎನ್ನಬಹುದು. ನನ್ನ ಅಂಜಿಕೆ ಅಲ್ಲೇ. ಮೊದಲೇ ಹೊತ್ತ ಹೊರೆಯ ಮೇಲೆ ನಮ್ಮ ಹೊರೆಯನ್ನೂ ಏರಿಸುತ್ತಿದ್ದೇವೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದುದ್ದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡವಿ ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಬಂಡೆಗಂಟಿದ ಕಲ್ಗ ಎಂಬ ಸಿಂಪಿಯನ್ನು ಒಡೆದು ತೆಗೆಯುತ್ತಾರೆ. ದಕ್ಷಿಣಕ್ಕೆ ಹೋದರೆ ತುಳುವಿನಲ್ಲಿ ಬೆಳಚು ಮರುವಾಯಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ತಾಣವೆಂದು, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳಲ್ಲೊಂದೆಂದು, ಘೋಷಿಸಿದರು. ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆಗೆ ಸಂದ ಗೌರವ. ದಿನದ ಪೇಟೆಗೆ ಬೆಳಚಿನ ಬುಟ್ಟಿ, ವರ್ಷಾನುಗಟ್ಟಲೆ ತಳದಲ್ಲಿ ಶೇಖರವಾದ ಖಾಲಿ ಚಿಪ್ಪು ಸುಣ್ಣದ ಗೂಡಿಗೆ. ಅಜ್ಜಿಯ ಡಬ್ಬಿಗೆ ಬರುತ್ತಿದ್ದುದು ಇಂಥ ಯಾವುದೋ ಅಳಿವೆಯ ಚಿಪ್ಪು. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಬೆಳಚು ಕಡಿಮೆಯಾದ ಕಡೆಯಲ್ಲೆಲ್ಲ ಆಮ್ಲೀಕರಣದತ್ತ ಬೆರಳು ತೋರಿಸುವುದು ಸರಿಯಲ್ಲ. ಅಳಿವೆಯಲ್ಲಿ ಮಳೆನೀರು ನುಗ್ಗಿದಾಗ ಪಿಎಚ್ ತಾನಾಗಿ ಏರಿಳಿಯುತ್ತದೆ. ಮರಳು ಎತ್ತುವುದು, ಮಿತಿಮೀರಿ ಹೆಕ್ಕುವುದು, ಕೊಳಕು ನೀರು ಎಲ್ಲವೂ ಇವೆ. ಆದರೆ ಈ ಪೆಟ್ಟುಗಳನ್ನೆಲ್ಲ ತಡೆದು ಮತ್ತೆ ಹುಟ್ಟಿಕೊಳ್ಳಬೇಕಾದ ಮರಿಗೆ ಬೇಕಾದದ್ದು ಒಂದು ಗಟ್ಟಿ ಚಿಪ್ಪು.

ಯಾವ ಜೀವಿಗೆ ಎಷ್ಟು ಏಟು ಎಂಬುದೂ ಒಂದೇ ಥರ ಇಲ್ಲ. ಟೆರೊಪಾಡ್ ಎಂಬ, ಕಡಲಚಿಟ್ಟೆ ಎಂದು ಕರೆಯಬಹುದಾದ ಪುಟ್ಟ ತೇಲುಹುಳುವಿನ ಚಿಪ್ಪನ್ನು 2100ರ ಹೊತ್ತಿಗೆ ಇರಬಹುದಾದಂಥ ನೀರಿನಲ್ಲಿಟ್ಟಾಗ 45 ದಿನಗಳಲ್ಲಿ ಅದು ಮಸುಕಾಗಿ ಕರಗಿದ ಚಿತ್ರಗಳನ್ನು ಬಹಳ ಮಂದಿ ನೋಡಿರಬಹುದು. ಮೀನಿನಿಂದ ತಿಮಿಂಗಿಲದವರೆಗೆ ಎಷ್ಟೋ ಬಾಯಿಗಳಿಗೆ ಅದು ಕಾಳು. ಅದರ ಚಿಪ್ಪು, ಹವಳದ ಗೂಡು, ಸಿಂಪಿ ಮರಿಯ ಮೊದಲ ಚಿಪ್ಪು, ನಮ್ಮ ಶಂಖ ಎಲ್ಲವೂ ಅರಗೊನೈಟ್ ಎಂಬ, ಸುಲಭವಾಗಿ ಕರಗುವ ಬಗೆಯ ಸುಣ್ಣದಿಂದ ಆದವು. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಜ್ವಾಲಾಮುಖಿಯ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಕಡಲಿಗೆ ಬರುತ್ತದೆ. 2008ರಲ್ಲಿ ಜೇಸನ್ ಹಾಲ್-ಸ್ಪೆನ್ಸರ್ ಮತ್ತು ಜೊತೆಗಾರರು ಅಲ್ಲಿ ಕಂಡದ್ದನ್ನು ಪ್ರಕಟಿಸಿದರು: ಗುಳ್ಳೆಗಳ ಹತ್ತಿರ ಹೋದಂತೆ ಚಿಪ್ಪಿನ ಜೀವಿಗಳು ವಿರಳ, ಬಸವನಹುಳುಗಳ ಚಿಪ್ಪು ಸವೆದು ತೆಳು. ಕಡಲಹುಲ್ಲು ಮಾತ್ರ ಸೊಂಪಾಗಿ ಬೆಳೆದಿತ್ತು. ಇಂಥ ನೀರಿನಲ್ಲಿ ಮೀನುಗಳು ಶತ್ರುವಿನ ವಾಸನೆ ಗುರುತಿಸುವುದನ್ನೇ ಮರೆಯುತ್ತವೆ ಎಂದು ಮೊದಲು ಕೆಲವರು ಹೇಳಿದ್ದರು. 2020ರಲ್ಲಿ ಹವಳದ ದಿಬ್ಬದ ಮೀನುಗಳ ಮೇಲೆ ಬೇರೆ ತಂಡ ಆ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಹಾಗೆ ಕಾಣಲಿಲ್ಲ. ಉತ್ಪ್ರೇಕ್ಷೆಯಿಂದ ಕಡಲಿಗೆ ಉಪಕಾರವಿಲ್ಲ. ಚಿಪ್ಪಿನ ಲೆಕ್ಕವೊಂದೇ ಸಾಕಷ್ಟು ಭಾರವಾಗಿದೆ.

ಕಡಲಿಗೆ ತನ್ನದೇ ಔಷಧವೊಂದಿದೆ, ಅದು ತಯಾರಾಗುವುದು ನಮ್ಮ ನೆಲದಲ್ಲಿ. ಮಳೆನೀರು ಗಾಳಿಯ ಇಂಗಾಲವನ್ನು ಹಿಡಿದು ಬಂಡೆಯನ್ನು ತುಸುತುಸುವೇ ಕರಗಿಸುತ್ತದೆ. ಹಾಗೆ ಹುಟ್ಟಿದ ಬೈಕಾರ್ಬೊನೇಟ್ ಹೊಳೆಯಲ್ಲಿ ಹರಿದು ಕಡಲಿನ ಕ್ಷಾರ ಕಾಯುತ್ತದೆ. ಅರಸೀಕೆರೆಯ ಕಡೆ ಕೊಳವೆಬಾವಿಯ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಅದರಲ್ಲಿ ಹೆಚ್ಚಿನದು ಇದೇ, ಬಂಡೆ ಕರಗಿ ಬಂದ ಸುಣ್ಣ. ಬೇಲೂರಿನ ಯಗಚಿ ಹೇಮಾವತಿಯ ಮೂಲಕ ಕಾವೇರಿ ಸೇರಿ ಅದನ್ನು ಬಂಗಾಳ ಕೊಲ್ಲಿಗೆ ಒಯ್ಯುತ್ತದೆ. ವೇದಾವತಿ ತುಂಗಭದ್ರೆಯ ದಾರಿಯಲ್ಲಿ ಕೃಷ್ಣೆಗೆ. ತೊಂದರೆಯೆಂದರೆ ಈ ಔಷಧಕ್ಕೆ ಸಾವಿರಾರು ವರ್ಷ ಬೇಕು. ನಾವು ಊದಿದ್ದು ಇನ್ನೂರೈವತ್ತು ವರ್ಷಗಳಲ್ಲಿ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾಶಿಲೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಹಾಗೆ ಹೆಪ್ಪುಗಟ್ಟುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಬಯಲು ಕಡಲಿನ ಅಡಿಯಿತ್ತು. ಇಲ್ಲಿನ ಕಲ್ಲಿನ ಗಡಿಯಾರ ಅಷ್ಟು ನಿಧಾನ. ಆದರೆ ಸಿಮೆಂಟ್ ಕಾರ್ಖಾನೆಗಳಲ್ಲಿ ಅಜ್ಜಿಯ ಸುಣ್ಣದ ಗೂಡಿನ ರಾಸಾಯನಿಕ ಕ್ರಿಯೆಯೇ ಸಾವಿರಾರು ಪಟ್ಟು ದೊಡ್ಡದಾಗಿ, ಬೇಗ ಬೇಗ ನಡೆಯುತ್ತದೆ.

ನಮ್ಮ ಸೀಮೆ ಈಗ ಕಡಲಿನ ಪಾಲಿನ ನೀರನ್ನೂ ಕೇಳುತ್ತಿದೆ. ನೇತ್ರಾವತಿಯ ಮೇಲ್ಕಣಿವೆಯಿಂದ ಪೂರ್ವಕ್ಕೆ 24.01 ಟಿಎಂಸಿ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಫ್ಲೋರೈಡ್ ನೀರು ಕುಡಿದು ಬೆಳೆದ ಅರಸೀಕೆರೆಯವರ ದಾಹ ಸುಳ್ಳಲ್ಲ. ಕಡಲಿಗೆ ಹೋಗುವ ಹೊಳೆ ಪೋಲಾಗುವ ಹೊಳೆಯಲ್ಲ, ಮೀನು ಮರಿ ಮಾಡುವುದು ಆ ನೀರಿನಲ್ಲೇ ಎಂಬ ಕರಾವಳಿಯವರ ಮಾತೂ ಸುಳ್ಳಲ್ಲ. ಘಟ್ಟದ ಎರಡೂ ಕಡೆಯವರು ಒಂದೇ ಜಗಲಿಯಲ್ಲಿ ಕೂತು ಈ ಮಾತು ಆಡಿದ್ದು ಕಡಿಮೆ ಎಂಬುದು ನನ್ನ ನೋವು.

ಅಜ್ಜಿಯ ಸುಣ್ಣದ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಒಳಗೆ ಉಳಿದಿದ್ದ ಸುಣ್ಣ ಇಷ್ಟು ವರ್ಷ ಗಾಳಿಯ ಇಂಗಾಲವನ್ನು ಕುಡಿದು ಕಲ್ಲಾಗಿದೆ. ಅಂದರೆ ಸುಡುವ ಮೊದಲು ಏನಾಗಿತ್ತೋ ಅದೇ ಆಗಿದೆ, ಚಿಪ್ಪಿನ ವಸ್ತು. ಮೊನ್ನೆ ಅದರ ಮೇಲೆ ಒಂದು ಹನಿ ನಿಂಬೆರಸ ಬಿಟ್ಟೆ. ಬುರುಬುರು ನೊರೆ ಎದ್ದಿತು. ನೊರೆ ಅಡಗಿದ ಮೇಲೆ ಬೆರಳಾಡಿಸಿದರೆ ಅಲ್ಲೊಂದು ಸಣ್ಣ ಕುಳಿ ಕೈಗೆ ತಗುಲಿತು.