ಬಾಯಿರುವ ಕಂಪ್ಯೂಟರಿನ ಬಾಯಿ ಬಿಡಿಸೋರು ಯಾರು?

ಹೂಡಿ: ಸರ್ಕಲ್ಲಿನ ಸುತ್ತ ನಾಲ್ಕು ಅಂಗಡಿ ಹತ್ತಿ ನೋಡಿ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ಗಿರಾಕಿ ಫೋನಿನಲ್ಲಿ ದುಡ್ಡು ಕಳಿಸಿದ್ದೇ ತಡ, ಐವತ್ತು ರೂಪಾಯಿ ಬಂತು ಅಂತ ಡಬ್ಬಿ ಕೂಗುತ್ತದೆ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತುವುದೂ ಬೇಡ. ದುಡ್ಡು ಬಂದಾಗ ಈ ಮಾತು ಹೇಳು ಅಂತ ಯಾರೋ ಮೊದಲೇ ಬರೆದಿಟ್ಟಿದ್ದಾರೆ, ಡಬ್ಬಿ ಹೇಳುತ್ತದೆ. ಅಷ್ಟೇ ಸಂಗತಿ.

ಕಣ್ಣಿರುವ ನಮಗೆ ಇದು ಬರೀ ಅನುಕೂಲ. ಕಣ್ಣು ಕಾಣದೆ ಕಂಪ್ಯೂಟರಿನಲ್ಲಿ ದುಡಿಯುವವರಿಗೆ ಇದೇ ಅನ್ನದ ದಾರಿ.

2023ರ ಮಾರ್ಚಿನಲ್ಲಿ ಹೂಡಿಗೆ ಮೆಟ್ರೋ ಬಂತು. ಮುಂದಿನ ನಿಲ್ದಾಣ ಯಾವುದು ಅಂತ ರೈಲು ಕನ್ನಡದಲ್ಲೇ ಹೇಳುತ್ತೆ. ಹೀಗಾಗಿ ಅಂಧ ನೌಕರನೊಬ್ಬ ಯಾರನ್ನೂ ಕೇಳದೆ ಇಲ್ಲಿ ಇಳಿಯಬಹುದು. ಆದರೆ ಕಚೇರಿಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ? ಎದುರಿಗಿರುವ ಕಂಪ್ಯೂಟರ್ ಎಷ್ಟೋ ಸಲ ಮೂಕ!

ಓದಿ ಹೇಳುವ ಯಂತ್ರ

ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಮಿಗೆ ಸ್ಕ್ರೀನ್ ರೀಡರ್ ಅಂತಾರೆ. ಇದರಲ್ಲಿ ಹಳೆಯ ಹುಲಿ ‘ಜಾಸ್’. ಅಮೆರಿಕದ ಟೆಡ್ ಹೆಂಟರ್ ಮೋಟಾರ್ ಸೈಕಲ್ ರೇಸಿನ ಸರದಾರ. 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡು ಕಂಪ್ಯೂಟರ್ ಕಲಿತ. ಆತನ ಕಂಪನಿ 1989ರಲ್ಲಿ ಜಾಸ್ ಹೊರತಂದಿತು. ಒಳ್ಳೆಯ ಮಾಲು, ಆದರೆ ಕಾಸು ಬಿಚ್ಚಬೇಕು.

2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ‘ಎನ್‌ವಿಡಿಎ’ ಬರೆಯಲು ಕೂತ. ಸ್ನೇಹಿತ ಜೇಮ್ಸ್ ಟೆ ಕೈಜೋಡಿಸಿದ. ಆತನಿಗೂ ಕಣ್ಣು ಕಾಣದು. ಇದು ಇವತ್ತಿಗೂ ಪುಕ್ಕಟೆ. ಇದರ ಜೊತೆ ಬರುವ ‘ಇ-ಸ್ಪೀಕ್’ ಎಂಬ ಗಂಟಲು ಕನ್ನಡವನ್ನೂ ಓದುತ್ತದೆ. ದನಿ ತಗಡು ಬಡಿದಂತೆ, ನಿಜ. ಆದರೂ ರೂಢಿಯಾದವರು ನಮಗೆ ಒಂದಕ್ಷರ ತಿಳಿಯದಷ್ಟು ವೇಗದಲ್ಲಿ ಓಡಿಸಿಕೊಂಡು ಕೇಳುತ್ತಾರೆ.

‘ಬಟನ್, ಬಟನ್, ಬಟನ್’

ಹಾಗಾದರೆ ತೊಂದರೆ ಎಲ್ಲಿ ಅಂತೀರಾ? ಸ್ಕ್ರೀನ್ ರೀಡರಿಗೆ ನಮ್ಮಂತೆ ಕಣ್ಣಿಲ್ಲ. ಇದು ಉಳಿಸುವ ಗುಂಡಿ, ಇದು ಒಟ್ಟು ಮೊತ್ತ ಅಂತ ಪ್ರೋಗ್ರಾಮು ತಾನಾಗಿ ಒಳಗಿನಿಂದ ಹೆಸರು ಹೇಳಬೇಕು. ಬರೆದವರು ಹೆಸರಿಡದೆ ಬರೀ ಚಿತ್ರ ಅಂಟಿಸಿದ್ದರೆ, ಪಾಪ, ಅದು ಬಟನ್, ಬಟನ್, ಬಟನ್ ಅಂತ ಜಪ ಮಾಡುತ್ತದೆ. ಯಾವ ಬಟನ್ ಒತ್ತೋದು ಸ್ವಾಮಿ?

ಒಂದು ಬಿಲ್ಲಿಂಗ್ ಪ್ರೋಗ್ರಾಮು ಅಂದುಕೊಳ್ಳಿ. ಮೊತ್ತ ಬಲಗಡೆ ಮೂಲೆಯಲ್ಲಿ ಬರುತ್ತದೆ. ಸ್ಟಾಕ್ ಮುಗಿದರೆ ಕೆಂಪಕ್ಷರ ಎರಡು ಗಳಿಗೆ ಮಿನುಗಿ ಮಾಯ. ಕಣ್ಣಿದ್ದವರಿಗೆ ಸರಿ. ಕಿವಿ ನಂಬಿದವರಿಗೆ ಅದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಆಮೇಲೆ ತಪ್ಪಾದರೆ ಬೈಗುಳ ಯಾರಿಗೆ? ಕೆಲಸಗಾರನಿಗೇ.

ನಾಲ್ಕು ಸಾಲಿನ ಮದ್ದು

ಇಲ್ಲೇ ‘ಸ್ಕ್ರಿಪ್ಟ್’ ಕೆಲಸಕ್ಕೆ ಬರೋದು. ಸ್ಕ್ರಿಪ್ಟ್ ಅಂದರೆ ಸ್ಕ್ರೀನ್ ರೀಡರಿಗೆ ಬರೆದುಕೊಡುವ ಚೀಟಿ. ಈ ಕೀಲಿ ಒತ್ತಿದರೆ ಆ ಮೂಲೆಯಲ್ಲಿರುವ ಮೊತ್ತ ಓದು. ಕೆಂಪಕ್ಷರ ಬಂದ ತಕ್ಷಣ ಸ್ಟಾಕ್ ಇಲ್ಲ ಅಂತ ಹೇಳು. ಹೆಸರಿಲ್ಲದ ಮೂರನೇ ಬಟನ್ನಿಗೆ ‘ಉಳಿಸು’ ಅನ್ನು. ಹೀಗೆ.

ಜಾಸ್‌ನಲ್ಲಿ ಇನ್ಸರ್ಟ್ ಹಿಡಿದು ಸೊನ್ನೆ ಒತ್ತಿದರೆ ಚೀಟಿ ಬರೆಯುವ ಕಿಟಕಿ ತೆರೆಯುತ್ತದೆ. ‘ಸೇ ಸ್ಟ್ರಿಂಗ್’ ಎಂಬ ಆಜ್ಞೆಗೆ ನೀವು ಯಾವ ಮಾತು ಕೊಟ್ಟರೆ ಅದನ್ನೇ ಆಡುತ್ತದೆ. ಎನ್‌ವಿಡಿಎಯಲ್ಲಿ ಪೈಥಾನ್ ಭಾಷೆ. ಯಾವ ಪ್ರೋಗ್ರಾಮಿಗೆ ಮದ್ದು ಬೇಕೋ ಅದರದೇ ಹೆಸರಿನ ಫೈಲು ಮಾಡಿ, ‘ಯುಐ ಡಾಟ್ ಮೆಸೇಜ್’ ಅಂತ ಬರೆದು ಪಕ್ಕದಲ್ಲಿ ಮಾತು ಇಟ್ಟರೆ ಮುಗೀತು. ಬಿಲ್ಲಿಂಗ್ ಪ್ರೋಗ್ರಾಮು ಬರೆಯುವವರೇ ಮನಸ್ಸು ಮಾಡಿದರೆ ನೇರವಾಗಿ ಎನ್‌ವಿಡಿಎ ಬಾಯಿಗೆ ಮಾತು ಹಾಕುವ ದಾರಿಯೂ ಉಂಟು.

ಎರಡು ಎಚ್ಚರ. ಪ್ರೋಗ್ರಾಮಿನ ಮುಖ ಬದಲಾದರೆ ಹಳೆ ಚೀಟಿ ಕೆಲಸಕ್ಕೆ ಬಾರದು, ತಿದ್ದಬೇಕು. ಮತ್ತೆ, ಸ್ಕ್ರಿಪ್ಟ್ ಕಂಪ್ಯೂಟರಿನ ಒಳಮನೆಗೇ ಹೋಗುವ ಆಸಾಮಿ. ಗೊತ್ತುಗುರಿ ಇಲ್ಲದವರು ಕೊಟ್ಟದ್ದನ್ನು ಹಾಕಿಕೊಳ್ಳಬೇಡಿ.

ಕನ್ನಡಕ್ಕೆ ಬಂದಾಗ ಎಡವಟ್ಟು

ಇಷ್ಟಾದರೂ ನಮ್ಮ ಕನ್ನಡಕ್ಕೆ ಇನ್ನೊಂದು ಗ್ರಹಚಾರವಿದೆ. ಹಳೆಯ ನುಡಿ, ಬರಹ ಅಕ್ಷರಗಳು ಇಂಗ್ಲಿಷ್ ಸಂಕೇತದ ಮೇಲೆ ಕನ್ನಡದ ವೇಷ ತೊಡಿಸಿದಂಥವು. ಕಣ್ಣಿಗೆ ಕಾಣುವುದು ‘ಕನ್ನಡ’. ಒಳಗಿರುವುದು ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷರ ಪೌಂಡು ಚಿಹ್ನೆ, ಹೀಗೇ ಏನೇನೋ. ಸ್ಕ್ರೀನ್ ರೀಡರ್ ವೇಷ ನೋಡಲ್ಲ, ಒಳಗಿದ್ದುದನ್ನೇ ಒದರುತ್ತದೆ. ಕೇಳಿದವರಿಗೆ ತಲೆಯೂ ಇಲ್ಲ, ಬುಡವೂ ಇಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದ ಸ್ವಂತ ಮನೆ ಇದೆ. ಅದರಲ್ಲಿ ಟೈಪ್ ಮಾಡಿದ್ದನ್ನು ಯಂತ್ರ ಸರಿಯಾಗಿ ಓದುತ್ತದೆ. ಈಗಿನ ನುಡಿಯಲ್ಲೇ ಆ ಆಯ್ಕೆ ಉಂಟು. ಹಳೇ ಕಡತ ತಿರುಗಿಸಲು ಪುಕ್ಕಟೆ ಪ್ರೋಗ್ರಾಮುಗಳೂ ಉಂಟು. ಆದರೂ ಡಿಟಿಪಿ ಅಂಗಡಿಯಲ್ಲಿ ಕೈಗೆ ಬಿದ್ದ ಅಭ್ಯಾಸ ಬಿಡದು. ಇನ್ನು ನೋಟೀಸನ್ನು ಫೋಟೋ ಹೊಡೆದು ಕಳಿಸುವವರಿಗಂತೂ ಕೈಮುಗಿಯಬೇಕು. ಫೋಟೋದಲ್ಲಿ ಅಕ್ಷರವೇ ಇಲ್ಲ, ಓದುವುದೇನನ್ನು?

ಭಿಕ್ಷೆ ಅಲ್ಲ, ಹಕ್ಕು

ಕೋರಮಂಗಲದ ಎನೇಬಲ್ ಇಂಡಿಯಾ 1999ರಿಂದ, ಎಚ್‌ಎಸ್‌ಆರ್ ಬಡಾವಣೆಯ ಮಿತ್ರ ಜ್ಯೋತಿ 1990ರಿಂದ ಈ ಜನರ ನಡುವೆ ಕೆಲಸ ಮಾಡುತ್ತಿವೆ. ಕಂಪ್ಯೂಟರ್ ಕಲಿತು ಬಂದವರಿಗೆ ಬುದ್ಧಿಯ ಕೊರತೆಯಿಲ್ಲ. ಕೊರತೆ ಇರುವುದು ಎದುರಿಗಿಟ್ಟ ಪ್ರೋಗ್ರಾಮಿನಲ್ಲಿ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಆಯಿತು. ಮಾಹಿತಿ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ ಕಾಯ್ದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕು, ಸಿಮ್ಮಿಗೆ ಮಾಡುವ ಡಿಜಿಟಲ್ ಕೆವೈಸಿ ಕುರಿತ ಅರ್ಜಿಗಳ ಮೇಲೆ ತೀರ್ಪು ಕೊಡುತ್ತಾ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದಿತು.

ಹೂಡಿಯಿಂದ ಐಟಿಪಿಎಲ್ ತನಕ ಪ್ರೋಗ್ರಾಮು ಬರೆಯುವ ಕೈಗಳಿಗೆ ಬರವೇ? ಬಟನ್ನಿಗೆ ಹೆಸರಿಡಲು ಹಿಡಿಯುವುದು ಒಂದು ಸಾಲು. ಆ ಸಾಲನ್ನು ಅವರೇ ಬರೆದರೆ, ಅಂಧ ನೌಕರ ತನ್ನ ಕೆಲಸ ಬಿಟ್ಟು ಮದ್ದು ಅರೆಯುತ್ತಾ ಕೂರಬೇಕಿಲ್ಲ.

ಅಂಗಡಿಯವರೇ, ನಿಮ್ಮ ಪಾಲೂ ಇದೆ. ಬಿಲ್ಲಿಂಗ್ ಪ್ರೋಗ್ರಾಮು ಮಾರಲು ಬರುವವನನ್ನು, ಇದು ಸ್ಕ್ರೀನ್ ರೀಡರಿಗೆ ಒಗ್ಗುತ್ತಾ ಅಂತ ಒಂದು ಮಾತು ಕೇಳಿ. ದರಪಟ್ಟಿ ಕಳಿಸುವಾಗ ಫೋಟೋ ಬಿಟ್ಟು ಅಕ್ಷರದಲ್ಲೇ ಟೈಪ್ ಮಾಡಿ. ಕಣ್ಣು ಕಾಣದ ಗಿರಾಕಿಯ ಫೋನು ಅದನ್ನು ಓದಿ ಹೇಳುತ್ತದೆ. ಅವರೂ ನಿಮ್ಮಲ್ಲೇ ಅಕ್ಕಿ, ಬೇಳೆ ಕೊಳ್ಳುತ್ತಾರೆ.